ಸಾಕಾ ಎಂದಿರೋ, ಸಾಕು ಎಂದಿರೋ

ಸಂಗೀತ ವಿದ್ಯಾಲಯದ ಕಿರಿಯರ ವಿಭಾಗದ ಪ್ರವೇಶಾಧಿಕಾರಿಗಳಾದ ಮಾನ್ಯರೇ,

ಮೊನ್ನೆ ನಿಮ್ಮ ಪರೀಕ್ಷಾ ಕೋಣೆಯ ಪರದೆ ನನ್ನ ಕನಸಿಗೆ ಬಂದಿತ್ತು. ಅದರ ಈಚೆ ಒಂದು ಕುರ್ಚಿಯ ಮೇಲೆ ನಾನು ಕೂತಿದ್ದೇನೆ. ಆಚೆಯಿಂದ ಯಾರೋ ಏನೋ ಕೇಳುತ್ತಿದ್ದಾರೆ. ಉತ್ತರ ಹೇಳೋಣವೆಂದರೆ ನನ್ನ ಬಾಯಿ ತುಂಬ ಗುಂಡುಸೂಜಿ. ನಾನು ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುವವಳು, ಹಗಲೆಲ್ಲ ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಇರುತ್ತೇನೆ, ಹಾಗಾಗಿ ಕನಸಿಗೂ ಅದೇ ಬಂದಿದೆ. ಒಂದೊಂದೇ ತೆಗೆದು ತೋಳಿಗೆ ಚುಚ್ಚಿಕೊಳ್ಳುತ್ತಿದ್ದೇನೆ, ತೆಗೆದಷ್ಟೂ ಇವೆ. ಕೊನೆಗೆ ಆಚೆಯಿಂದ ಒಂದು ದನಿ ಬಹಳ ಮರ್ಯಾದೆಯಿಂದ, "ಅಭ್ಯರ್ಥಿಗೆ ಉತ್ತರಿಸುವ ಇಚ್ಛೆ ಇಲ್ಲ, ಹಾಗೇ ಬರೆದುಕೊಳ್ಳಿ" ಅಂದಿತು. ಎಚ್ಚರವಾದಾಗ ದವಡೆ ಹಿಡಿದುಕೊಂಡಿತ್ತು.

ಕನಸಾದರೆ ಎದ್ದು ನೀರು ಕುಡಿದು ಮಗ್ಗುಲು ಬದಲಿಸಬಹುದು. ನಿಮ್ಮ ಕಚೇರಿಯ ಪತ್ರಕ್ಕೆ ಆ ಮದ್ದು ನಾಟುವುದಿಲ್ಲ. "ಅಭ್ಯರ್ಥಿಯು ಪರೀಕ್ಷೆಯ ಮಧ್ಯದಲ್ಲಿ ಸ್ವ ಇಚ್ಛೆಯಿಂದ ಹಿಂದೆ ಸರಿದಿರುತ್ತಾರೆ. ಆದಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಎರವಲು ಪಡೆದ ವಾದ್ಯವನ್ನು ಈ ತಿಂಗಳ ಕೊನೆಯೊಳಗೆ ಹಿಂದಿರುಗಿಸತಕ್ಕದ್ದು" ಎಂದು ನೀವು ಬರೆದಿದ್ದೀರಿ. ಸ್ವ ಇಚ್ಛೆ ಅನ್ನುವುದನ್ನು ಕೂಡಿಸಿ ಬರೆದರೆ ಸ್ವೇಚ್ಛೆ ಆಗುತ್ತದಂತೆ, ಅದು ಹೆಚ್ಚುಕಡಿಮೆ ಬೈಗುಳವಂತೆ. ನೀವು ಬಿಡಿಸಿ ಬರೆದು ನಮ್ಮ ಹುಡುಗಿಯ ಮಾನ ಉಳಿಸಿದ್ದೀರಿ, ಅಷ್ಟರ ಮಟ್ಟಿಗೆ ಉಪಕಾರವಾಯಿತು. ಆದರೆ ನನ್ನ ತಕರಾರು ಆ ಎರಡೂ ಪದಗಳ ಮೇಲಿದೆ. ಅವಳು ತಾನಾಗಿ ಹಿಂದೆ ಸರಿಯಲಿಲ್ಲ, ಅವಳಿಗೆ ಅಂಥ ಇಚ್ಛೆಯೂ ಇರಲಿಲ್ಲ. ಪರದೆಯ ಆಚೆಯಿಂದ "ಸಾಕು" ಎಂಬ ಮಾತು ಕೇಳಿಸಿತು, ಎದ್ದು ಬಂದಳು. ಹಾಗೆ ಯಾರೂ ಅನ್ನಲೇ ಇಲ್ಲ ಎನ್ನುತ್ತೀರಿ. ಹಾಗಾದರೆ ಆ ಮಾತು ಗೋಡೆಯಿಂದ ಉದುರಿತೇ?

ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅವರು ಅಚ್ಚು ಹಾಕುವಾಗ ತಪ್ಪು ತಿದ್ದಿಕೊಳ್ಳಲಿ. ನನ್ನ ಓದು ಅಲ್ಲಲ್ಲಿ ಹರಿದುಹೋದದ್ದು. ಮನೆ ಬದಲಾದಾಗ ಒಮ್ಮೆ ನಿಂತಿತು, ಅಮ್ಮ ಹಾಸಿಗೆ ಹಿಡಿದಾಗ ಇನ್ನೊಮ್ಮೆ, ಮೂರನೆಯ ಸಲ ನಾನು ಹೋಗುತ್ತಿದ್ದ ಸಂಜೆ ಶಾಲೆಯೇ ಮುಚ್ಚಿಹೋಯಿತು. ಉಳಿದ ಪಾಠಗಳೆಲ್ಲ ಚಿಂದಿ ಚಿಂದಿ. ಕಾಗುಣಿತ ಮಾತ್ರ ಪ್ರತಿ ಶಾಲೆಯಲ್ಲೂ ಹೊಸದಾಗಿ ಶುರುಮಾಡಿಸಿದ್ದರಿಂದ ಗಟ್ಟಿಯಾಗಿ ಕೂತಿದೆ. ಕ-ಗೆ ಇಳಿ ಕೊಟ್ಟರೆ ಕಾ, ಕೊಂಬು ಕೊಟ್ಟರೆ ಕು. ಈ ಪತ್ರಕ್ಕೆ ಅಷ್ಟು ವಿದ್ಯೆ ಸಾಲುತ್ತದೆ ಅಂದುಕೊಂಡಿದ್ದೇನೆ. ಸಾಲದಿದ್ದರೂ ಬರೆಯದೆ ಇರುವುದಕ್ಕೆ ಆಗುತ್ತಿಲ್ಲ. ಬರೆಯದಿದ್ದರೆ ಅಂಗಡಿಯಲ್ಲಿ ಎಡತೋಳನ್ನು ಬಲಕ್ಕೆ ಹೊಲಿಯುತ್ತಿದ್ದೇನೆ.

ಹುಡುಗಿ ನನ್ನ ತಂಗಿಯ ಮಗಳು. ತಂಗಿ ಈಗಿಲ್ಲ. ನಾನು ದೊಡ್ಡಮ್ಮ, ಸಾಕಿದವಳು. ಮನೆಯಲ್ಲಿ ಅವಳನ್ನು ಗುಬ್ಬಿ ಅಂತ ಕರೆಯುತ್ತೇವೆ, ಅಷ್ಟು ಸಣ್ಣ ದನಿ. ಅಂಥವಳಿಗೆ ಶಾಲೆಯ ಬ್ಯಾಂಡಿನ ಮೇಷ್ಟ್ರು ಆರಿಸಿ ಕೊಟ್ಟದ್ದು ಬಸೂನ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ಅದು ನೆಲಕ್ಕಿಟ್ಟು ನಿಲ್ಲಿಸಿದರೆ ಅವಳ ಭುಜಕ್ಕೆ ಬರುವ ಮರದ ಊದುವಾದ್ಯ. ನೆಗಡಿಯಾದ ದಪ್ಪ ಮನುಷ್ಯನೊಬ್ಬ ಖುಷಿಯಾಗಿ ಗುನುಗಿದ ಹಾಗೆ ಅದರ ದನಿ. "ಇದು ಯಾರಿಗೂ ಬೇಡಮ್ಮ, ಎಲ್ಲರಿಗೂ ಪಿಟೀಲೇ ಬೇಕು. ಇವಳ ಬೆರಳು ಉದ್ದ ಇದೆ, ಉಸಿರು ಉದ್ದ ಇದೆ, ಇವಳಿಗಿರಲಿ" ಅಂದಿದ್ದರು ಮೇಷ್ಟ್ರು. ನಿಮ್ಮ ಎರವಲು ವಿಭಾಗಕ್ಕೆ ಬರೆದು ವಾದ್ಯ ತರಿಸಿಕೊಟ್ಟವರೂ ಅವರೇ. ಎರಡು ವರ್ಷದಲ್ಲಿ ತಮಗೆ ಬರುವುದನ್ನೆಲ್ಲ ಹೇಳಿಕೊಟ್ಟು, "ಇನ್ನು ನನ್ನ ಹತ್ತಿರ ಏನೂ ಇಲ್ಲ, ಇವಳನ್ನು ಅಲ್ಲಿಗೇ ಕಳಿಸಿ" ಅಂದರು. ಅಲ್ಲಿ ಅಂದರೆ ನಿಮ್ಮಲ್ಲಿ. ಈ ಊರಿನಲ್ಲಿ ಬಸೂನ್ ಕಲಿಸುವವರು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಮುಂದಿನ ವರ್ಷ ಹೊಸದಾಗಿ ಸೇರುವ ವಯಸ್ಸು ಅವಳಿಗೆ ದಾಟಿಹೋಗುತ್ತದೆ. ಹಾಗಾಗಿ ನನ್ನ ಚಿಂತೆಯನ್ನು ಹೆಂಗಸಿನ ಗೀಳು ಅಂತ ದಯವಿಟ್ಟು ತಳ್ಳಿಹಾಕಬೇಡಿ. ಗೀಳು ನನಗೆ ಬೇರೆ ಬೇಕಾದಷ್ಟಿವೆ, ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುತ್ತೇನೆ. ಇದು ಆ ಜಾತಿಯದಲ್ಲ.

ನಮ್ಮ ಮನೆಯ ಒಂದು ಏರ್ಪಾಟು ನಿಮಗೆ ತಿಳಿದಿರಬೇಕು. ನಾವಿರುವುದು ಎರಡು ಕೋಣೆಯ ಮನೆ, ಪಕ್ಕದ ಮನೆಗೂ ನಮಗೂ ನಡುವೆ ಇರುವ ಗೋಡೆ ರಟ್ಟಿಗಿಂತ ಸ್ವಲ್ಪ ವಾಸಿ. ಆಚೆ ಒಬ್ಬ ಮುದುಕರಿದ್ದಾರೆ. ಕೆಲಸದಿಂದ ನಿವೃತ್ತರಾದವರು, ಸಿಡುಕಿನಿಂದ ಆಗಿಲ್ಲ. ಗುಬ್ಬಿ ಅವರಿಗೆ ಗೋಡೆತಾತ ಅಂತ ಹೆಸರಿಟ್ಟಿದ್ದಾಳೆ. ಅವಳು ಅಭ್ಯಾಸಕ್ಕೆ ಕೂತರೆ ಅವರು ಮೊದಲು ಸುಮ್ಮನಿರುತ್ತಾರೆ, ಆಮೇಲೆ ಕೆಮ್ಮುತ್ತಾರೆ, ಆಮೇಲೆ ಗೋಡೆಯ ಮೂಲಕ "ಸಾಕು" ಅನ್ನುತ್ತಾರೆ. ಅಷ್ಟು ಅಂದರೆ ಗುಬ್ಬಿ ನಿಲ್ಲಿಸಬೇಕು. ಸ್ವರದ ಮಧ್ಯ ಇದ್ದರೂ ಸರಿ, ಉಸಿರು ಪೂರ್ತಿ ಒಳಗಿದ್ದರೂ ಸರಿ. ಹಾಗೆ ನಿಲ್ಲಿಸುತ್ತಾಳೆ ಎಂಬ ಒಪ್ಪಂದದ ಮೇಲೆಯೇ ಮನೆ ಮಾಲೀಕರು ವಾದ್ಯವನ್ನು ಒಳಗೆ ಬಿಟ್ಟದ್ದು. ಹೀಗಾಗಿ ನಮ್ಮ ಹುಡುಗಿಗೆ ಆ ಒಂದು ಪದ ಕಿವಿಯಿಂದ ನೇರವಾಗಿ ಬೆರಳಿಗೆ ಹೋಗುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ನಿಮ್ಮ ಮಾಹಿತಿ ಪುಸ್ತಿಕೆಯಲ್ಲಿ ಇದಕ್ಕೆ ಒಂದು ಹೆಸರಿದೆ, "ಮನೆಯ ಸಂಗೀತ ವಾತಾವರಣ". ಅರ್ಜಿಯಲ್ಲಿ ಅದರ ಬಗ್ಗೆ ಬರೆಯಲು ಒಂದಿಡೀ ಪುಟ ಬಿಟ್ಟಿದ್ದಿರಿ. ಬೇರೆ ಮಕ್ಕಳು ಮನೆಯ ಪಿಯಾನೋ ಬಗ್ಗೆ, ಹಾಡುವ ತಂದೆತಾಯಿಯ ಬಗ್ಗೆ ಬರೆದಿರಬೇಕು. ಗುಬ್ಬಿ "ನೆರೆಹೊರೆಯವರು ಗಮನವಿಟ್ಟು ಕೇಳುತ್ತಾರೆ" ಅಂತ ಬರೆದಳು.

ಇನ್ನು ನಿಮ್ಮ ಪರದೆಯ ವಿಷಯ. ಅದರ ಹಿಂದಿನ ಉದ್ದೇಶ ಒಳ್ಳೆಯದು ಅಂತ ನನಗೂ ಅರ್ಥವಾಗುತ್ತದೆ. ಮಗು ಕಪ್ಪೋ ಬಿಳಿಯೋ, ಯಾರ ಮನೆಯದೋ, ಎಂಥ ಅಂಗಿ ತೊಟ್ಟಿದೆಯೋ ಕಾಣಿಸಬಾರದು. ಬರೀ ಸಂಗೀತ ಕೇಳಿಸಬೇಕು. ಹೆಸರಿಲ್ಲ, ಒಂದು ಸಂಖ್ಯೆ. ಚಪ್ಪಲಿಯ ಸದ್ದಿನಿಂದ ಹುಡುಗನೋ ಹುಡುಗಿಯೋ ಗೊತ್ತಾಗದಿರಲಿ ಅಂತ ನೆಲಕ್ಕೆ ದಪ್ಪ ಜಮಖಾನ. ಮಗು ಬಾಯಿ ಬಿಡುವಂತಿಲ್ಲ, ಬಿಟ್ಟರೆ ಅನರ್ಹ. ಸಮವಸ್ತ್ರ ಹೊಲಿಯುವವಳಾದ ನನಗೆ ಈ ವ್ಯವಸ್ಥೆ ಎಷ್ಟು ಹಿಡಿಸಿತು ಅಂದರೆ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ನಮ್ಮ ಕತ್ತರಿಸುವ ಮೇಸ್ತ್ರಿ ಮಾತ್ರ, "ಮಗು ಮಾತಾಡಬಾರದು ಸರಿ. ಆಚೆ ಕೂತೋರು?" ಅಂದ. ಅವನು ಯಾವಾಗಲೂ ಅಡ್ಡಮಾತು ಆಡುವವನು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನ ನಡೆದದ್ದು ಇಷ್ಟು. ಗುಬ್ಬಿ ಒಳಗೆ ಹೋದಳು, ನಾನು ಹೊರಗೆ ಉದ್ದ ಬೆಂಚಿನ ಮೇಲೆ ಕೂತೆ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ದೀಪದ ಕೆಳಗೆ ನೀವೇ ಬರೆಸಿದ ಫಲಕ ಇದೆ: "ದೀಪ ಉರಿಯುತ್ತಿರುವಾಗ ಹೊರಗಿನಿಂದ ಬಾಗಿಲು ತೆರೆದಲ್ಲಿ ಒಳಗಿರುವ ಅಭ್ಯರ್ಥಿಯ ಪರೀಕ್ಷೆ ರದ್ದಾಗುತ್ತದೆ." ನಾನು ಕೆಮ್ಮು ಬಂದರೂ ನುಂಗಿಕೊಂಡೆ. ಅವಳು ಮೊದಲ ಕೃತಿಯನ್ನು ಪೂರ್ತಿ ನುಡಿಸಿದಳು. ಎಲ್ಲೂ ತಡವರಿಸಲಿಲ್ಲ ಅಂತ ಅವಳೇ ಹೇಳುತ್ತಾಳೆ, ಅವಳು ತನ್ನ ಬಗ್ಗೆ ಅಷ್ಟು ಸುಲಭಕ್ಕೆ ಒಳ್ಳೆಯದು ಹೇಳುವವಳಲ್ಲ. ಎರಡನೆಯದಕ್ಕೆ ಮುಂಚೆ ವಾದ್ಯದ ಬಾಯಿಗೆ ಸಿಕ್ಕಿಸುವ ಪೀಪಿಯನ್ನು ತೆಗೆದು ತುಟಿಯಲ್ಲಿ ಇಟ್ಟುಕೊಂಡು ನೆನೆಸುತ್ತಿದ್ದಳು. ಅದಕ್ಕೆ ರೀಡು ಅಂತಾರೆ, ಒಣಗಿದರೆ ಸ್ವರ ಹೊರಡುವುದಿಲ್ಲ. ಅಷ್ಟರಲ್ಲಿ ಆಚೆ ಏನೋ ಸರಿದಾಡಿತು, ಒಂದು ಗಂಡಸು ದನಿ ಆ ಪದ ಅಂದಿತು. ಬಾಯಲ್ಲಿ ಪೀಪಿ, ತಲೆಯಲ್ಲಿ ಮಾತಾಡಬಾರದೆಂಬ ನಿಯಮ. ಎಂದಿನಂತೆ ನಿಲ್ಲಿಸಿದಳು. ಎದ್ದು, ಪರದೆಗೆ ಬಾಗಿ ನಮಸ್ಕಾರ ಮಾಡಿ, ಜಮಖಾನದ ಮೇಲೆ ಸದ್ದಿಲ್ಲದೆ ನಡೆದು, ಬಾಗಿಲನ್ನೂ ಸದ್ದಾಗದಂತೆ ಎಳೆದುಕೊಂಡು ಹೊರಗೆ ಬಂದಳು. ಆ ನಮಸ್ಕಾರವನ್ನು ನಿಮ್ಮಲ್ಲಿ ಯಾರೂ ನೋಡಿಲ್ಲ. ಅದಕ್ಕೂ ಅಂಕವಿರಬೇಕಿತ್ತು.

"ಇಷ್ಟು ಬೇಗ ಮುಗೀತಾ?" ಅಂದೆ.

"ಸಾಕು ಅಂದ್ರು."

ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಅನುಭವಸ್ಥ ತಾಯಿ ಕೂತಿದ್ದರು. ಅವರ ಹಿರಿಮಗ ನಿಮ್ಮಲ್ಲೇ ಕಲಿತವನು, ಈಗ ಕಿರಿಯವಳ ಸರದಿ. ಅವರು ಕನ್ನಡಕ ಮೇಲೆತ್ತಿ ನಮ್ಮನ್ನು ನೋಡಿ, "ಸಾಕು ಅಂದ್ರಾ? ಇಲ್ಲಿ ಯಾರೂ ಸಾಕು ಅನ್ನಲ್ಲಮ್ಮ. ನಿಲ್ಲಿಸೋದಾದ್ರೆ ಧನ್ಯವಾದ ಅಂತಾರೆ. ಧನ್ಯವಾದ ಅಂದ್ರೇನೇ ಹೋಗು ಅಂತ. ನಿಮ್ಮ ಮೇಷ್ಟ್ರು ಹೇಳಿಕೊಟ್ಟಿಲ್ವಾ?" ಅಂದರು.

ಹೇಳಿಕೊಟ್ಟಿರಲಿಲ್ಲ ಮಾನ್ಯರೇ. ಧನ್ಯವಾದ ಅಂದರೆ ಹೋಗು ಅಂತ ಅರ್ಥ, ಸಾಕು ಅಂದರೆ ಏನೂ ಅರ್ಥವಿಲ್ಲ ಎಂಬ ಈ ನಿಘಂಟು ನಿಮ್ಮ ಪುಸ್ತಿಕೆಯ ಯಾವ ಪುಟದಲ್ಲಿದೆ? ನಾನು ಅದನ್ನು ಹಿಂದುಮುಂದು ಓದಿದ್ದೇನೆ. ಊಟದ ವ್ಯವಸ್ಥೆ ಇದೆ, ಸೈಕಲ್ ಎಲ್ಲಿ ನಿಲ್ಲಿಸಬೇಕು ಅಂತ ಇದೆ, ನಿಮ್ಮ ಹಳೆಯ ವಿದ್ಯಾರ್ಥಿಗಳ ನಗುವ ಫೋಟೋಗಳಿವೆ. ಇದೊಂದಿಲ್ಲ. ಗೊತ್ತಿರುವವರಿಗೆ ಗೊತ್ತಿರುತ್ತದೆ, ಗೊತ್ತಿಲ್ಲದವರಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಮಗುವಿನ ಮುಖ ಕಾಣದಂತೆ ಇಷ್ಟುದ್ದ ಬಟ್ಟೆ ಇಳಿಬಿಟ್ಟಿರಿ, ಯಾವ ಮನೆಯಿಂದ ಬಂದಿದೆ ಎಂಬುದು ಮಾತ್ರ ಒಂದೇ ಪದಕ್ಕೆ ಹೊರಬಿತ್ತು. ಹಾಗಾದರೆ ಆ ಪರದೆಯ ಬಟ್ಟೆಯನ್ನು ನಮ್ಮ ಅಂಗಡಿಗಾದರೂ ಕೊಡಿ, ಮಕ್ಕಳಿಗೆ ಲಂಗ ಹೊಲಿಯುತ್ತೇವೆ.

ನಾನು ಎದ್ದು ಬಾಗಿಲಿಗೆ ಹೋದೆ. ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಆಚೆ ಬಾಗಿಲಿನಿಂದ ಮುಂದಿನ ಮಗು ಹೋಗಿರಬೇಕು ಅಂದುಕೊಂಡೆ. ಹಿಡಿಕೆಗೆ ಕೈಯಿಟ್ಟಿದ್ದೆ. ಗುಬ್ಬಿ ನನ್ನ ತೋಳು ಹಿಡಿದು, "ಬೇಡ ದೊಡ್ಡಮ್ಮ, ಒಳಗಿರೋರದ್ದು ರದ್ದಾಗುತ್ತೆ" ಅಂದಳು. ಯಾರದೋ ಮಗುವಿನ ಪರೀಕ್ಷೆ ನಮ್ಮಿಂದ ಹಾಳಾಗುವುದು ಬೇಡ ಅಂತ ಕೈ ತೆಗೆದೆ. ಇಬ್ಬರೂ ಕೂತು ವಾದ್ಯದ ತುಂಡುಗಳನ್ನು ಒರೆಸಿ ಪೆಟ್ಟಿಗೆಯಲ್ಲಿ ಇಟ್ಟೆವು. ಒಳಗಿನಿಂದ ಒಂದು ಸ್ವರವೂ ಬರುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ದೀಪ ಆರಿತು, ನಮ್ಮ ಬೆಂಚಿನಿಂದಲೇ ಮುಂದಿನ ಸಂಖ್ಯೆ ಕರೆದರು, ಅದೇ ಬಾಗಿಲಿನಿಂದಲೇ ಆ ತಾಯಿಯ ಮಗಳು ಕೊಳಲು ಹಿಡಿದು ಒಳಗೆ ಹೋದಳು. ಆಗ ನಮಗೆ ತಿಳಿಯಿತು. ಆಚೆ ಬಾಗಿಲು ಇರಲೇ ಇಲ್ಲ. ಒಳಗೆ ನಡೆಯುತ್ತಿದ್ದದ್ದು ಗುಬ್ಬಿಯದೇ ಪರೀಕ್ಷೆ. ಅವಳ ಪರೀಕ್ಷೆ ನಡೆಯುತ್ತಿದ್ದುದರಿಂದ ಅವಳು ಒಳಗೆ ಹೋಗುವಂತಿರಲಿಲ್ಲ. ಅದು ರದ್ದಾಗಬಾರದು ಅಂತ ಅವಳೇ ಕಾವಲು ನಿಂತು ಅದನ್ನು ಕಳೆದುಕೊಂಡಳು. ಇಂಥ ನಿಯಮವನ್ನು ಒಬ್ಬರೇ ಕೂತು ಬರೆಯಲಾರರು, ಸಮಿತಿಯೇ ಬೇಕು.

ಅಷ್ಟು ಹೊತ್ತು ನಿಮ್ಮ ಪರೀಕ್ಷಕರು ಏನು ಮಾಡುತ್ತಿದ್ದರು? ಅದನ್ನು ಆಮೇಲೆ ತಿಳಿದುಕೊಂಡೆ. ಮೌನವನ್ನು ಕೇಳುತ್ತಿದ್ದರಂತೆ. ಎರಡನೆಯ ಕೃತಿ ನಿಧಾನಗತಿಯದು, ಮಗು ಮನಸ್ಸನ್ನು ಅಣಿಗೊಳಿಸಿಕೊಳ್ಳುತ್ತಿದೆ ಅಂತ ಭಾವಿಸಿದರಂತೆ. ಒಬ್ಬರು "ಈ ವಯಸ್ಸಿಗೆ ಎಷ್ಟು ಪ್ರಬುದ್ಧ ಮೌನ" ಅಂತ ಪಕ್ಕದವರಿಗೆ ಪಿಸುಗುಟ್ಟಿದರಂತೆ. ಖಾಲಿ ಕುರ್ಚಿಯ ಪ್ರಬುದ್ಧತೆಯನ್ನು ಗುರುತಿಸಿದ ಆ ಕಿವಿಗೆ ನನ್ನ ನಮಸ್ಕಾರ ಮುಟ್ಟಲಿ. ಆ ಕುರ್ಚಿಗಾದರೂ ಪ್ರವೇಶ ಸಿಕ್ಕಿದೆಯೇ ಅಂತ ತಿಳಿಯುವ ಆಸೆಯಿದೆ.

ಮರುವಾರ ನಿಮ್ಮ ಕಚೇರಿಗೆ ಬಂದೆ. ಮೇಜಿನ ಹಿಂದೆ ಕೂತಿದ್ದ ಸಹಾಯಕಿ ಒಳ್ಳೆಯ ಹುಡುಗಿಯೇ, ಕೂರಿ ಅಂತ ಕುರ್ಚಿ ತೋರಿಸಿದಳು. ಅವಳೇ ಎದ್ದು ಹೋಗಿದ್ದಲ್ವಾ ಅಂತ ಕೇಳಿದಳು. ಹೌದು, ಸಾಕು ಅಂತ ಕೇಳಿಸಿದ್ದರಿಂದ ಅಂದೆ. ನಮ್ಮವರು ಆ ಪದ ಬಳಸುವುದೇ ಇಲ್ಲ ಅಂದಳು.

"ಅನುಮಾನ ಬಂದ್ರೆ ಕೇಳಬಹುದಿತ್ತಲ್ಲ ಮೇಡಂ?"

"ಬಾಯಿ ಬಿಟ್ರೆ ಅನರ್ಹ ಅಂತ ಬರೆಸಿದ್ದೀರಿ."

"ಅದು ಪರೀಕ್ಷೆ ನಡೀತಿರುವಾಗ."

"ಸಾಕು ಅಂತ ಕೇಳಿಸಿದ ಮೇಲೆ ಅವಳ ಲೆಕ್ಕದಲ್ಲಿ ಪರೀಕ್ಷೆ ಮುಗಿದಿತ್ತಲ್ಲ. ಮುಗಿದ ಮೇಲೆ ಕೇಳೋದು ಏನಿರುತ್ತೆ?"

ಸಹಾಯಕಿ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. ಆಮೇಲೆ, "ನೀವು ಹೇಳೋದು ಸರಿ ಅನ್ಸುತ್ತೆ. ಆದ್ರೆ ಹಾಗೆ ಬರೆಯೋಕೆ ನಮ್ಮಲ್ಲಿ ಜಾಗ ಇಲ್ಲ. ಬಂದಿಲ್ಲ, ಮುಗಿಸಿದ್ದಾರೆ, ಹಿಂದೆ ಸರಿದಿದ್ದಾರೆ, ಇಷ್ಟೇ ಇರೋದು" ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಲ್ಲೂ ಅಂಗಿ ಮೂರೇ ಅಳತೆಯಲ್ಲಿ ಬರುತ್ತವೆ. ಆದರೆ ಯಾವುದೂ ಹಿಡಿಸದ ಮಗು ಬಂದರೆ ನಾವು ಹೊಲಿಗೆ ಬಿಚ್ಚುತ್ತೇವೆ. ಮಗು ಸ್ವ ಇಚ್ಛೆಯಿಂದ ದಪ್ಪಗಾಗಿದೆ ಅಂತ ಬರೆದು ಕಳಿಸುವುದಿಲ್ಲ.

ಹೊರಗೆ ಬರುವಾಗ ಕುರ್ಚಿ ಜೋಡಿಸುವ ನೌಕರರೊಬ್ಬರು ಸಿಕ್ಕರು. ಬೆಳಗ್ಗೆಯಿಂದ ಸಂಜೆಯವರೆಗೆ ಪರೀಕ್ಷಕರ ಕಡೆಯೇ ಇದ್ದು ಕಿಟಕಿ, ಫ್ಯಾನು, ನೀರು ನೋಡಿಕೊಳ್ಳುವವರು. ಮೌನದ ಕಥೆ ಹೇಳಿದವರೂ ಅವರೇ. ಬಸೂನ್ ಹುಡುಗಿಯ ದೊಡ್ಡಮ್ಮ ಅಂದ ತಕ್ಷಣ ಅವರ ಮುಖ ಸಣ್ಣದಾಯಿತು. "ಅಯ್ಯೋ, ಅದು ಕಿಟಕಿಗೆ ಕೇಳಿದ್ದಮ್ಮ. ಒಬ್ಬರಿಗೆ ಸೆಖೆ ಅಂದ್ರು, ಇನ್ನೊಬ್ಬರಿಗೆ ಗಾಳಿ ಆಗಲ್ಲ ಅಂದ್ರು. ಅರ್ಧ ತೆಗೆದು, ಸಾಕಾ ಅಂದೆ" ಅಂದರು.

ಸಾಕಾ. ಇಳಿ ಕೊಟ್ಟರೆ ಕಾ, ಕೊಂಬು ಕೊಟ್ಟರೆ ಕು. ಒಂದು ಮಗುವಿನ ಮುಂದಿನ ಬದುಕೆಲ್ಲ ಕ-ದ ಬಾಲಕ್ಕೆ ಸಿಕ್ಕಿಕೊಂಡಿದೆ. ಅವರನ್ನು ಅಲ್ಲಿಂದಲೇ ಕಚೇರಿಗೆ ಕರೆದುಕೊಂಡು ಹೋದೆ. ನೀವು, ಅಂದರೆ ಸಾಕ್ಷಾತ್ ನೀವೇ ಮಾನ್ಯರೇ, ಆಗ ಒಳಗಿನ ಕೋಣೆಯಿಂದ ಹೊರಗೆ ಬಂದಿರಿ. ಸೌಜನ್ಯದಿಂದಲೇ ಕೇಳಿದಿರಿ, "ನೀನು ಪರೀಕ್ಷೆಯ ನಡುವೆ ಮಾತಾಡಿದೆಯಾ?" ಅಂತ. ಆ ಮನುಷ್ಯ ನಿಮ್ಮ ಮುಖ ನೋಡಿದರು, ನನ್ನ ಮುಖ ನೋಡಿದರು, ಕಿಟಕಿಯ ಕಡೆ ನೋಡಿದರು. "ಏನಂದೆನೋ, ಅಂದೆನೋ ಇಲ್ವೋ, ನೆನಪಿಲ್ಲ ಸಾರ್" ಅಂದರು. ಅವರ ಮೇಲೂ ನನಗೆ ಸಿಟ್ಟಿಲ್ಲ. ಹಾಗೆ ಪ್ರಶ್ನೆ ಬಂದರೆ ನನಗೂ ನೆನಪು ಹೋಗುತ್ತದೆ. ದಯವಿಟ್ಟು ಈ ಪತ್ರ ಓದಿ ಅವರಿಗೆ ತೊಂದರೆ ಕೊಡಬೇಡಿ. ಕಿಟಕಿ ತೆಗೆಯುವವರು ಸಾಕಾ ಅಂತ ಕೇಳದೆ ಇನ್ನು ಹೇಗೆ ತೆಗೆಯುತ್ತಾರೆ?

ಆಮೇಲೆ ನೀವು ಒಂದು ಮಾತು ಅಂದಿರಿ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ನಿಜವಾದ ಪ್ರತಿಭೆಯಿದ್ದ ಮಗು ಇಂಥ ಸಣ್ಣ ಗೊಂದಲಕ್ಕೆ ಎದ್ದು ಹೋಗುವುದಿಲ್ಲ, ಮನೋಧೈರ್ಯವೂ ಪ್ರತಿಭೆಯ ಭಾಗ ಅಂತ. ಎಷ್ಟು ಚೆನ್ನಾಗಿದೆ. ಪುಸ್ತಿಕೆಯ ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ, ನಿಮ್ಮ ತರಬೇತಿಯ ಮೂಲಮಂತ್ರ ಕೇಳುವುದು, ಬೇರೆಯವರ ಒಂದು ಸಣ್ಣ ಸೂಚನೆಗೂ ಸ್ಪಂದಿಸುವುದು ಅಂತ. ಸ್ಪಂದಿಸಿದಳಲ್ಲ! ನೀವು ಕಲಿಸಬೇಕೆಂದಿರುವುದನ್ನು ಮನೆಯಲ್ಲೇ ಕಲಿತು ಬಂದದ್ದು ಅವಳ ತಪ್ಪೇ? ಶನಿವಾರದ ನಿಮ್ಮ ತರಗತಿಗಳಲ್ಲಿ ಕಿವಿಯ ಪಾಠ ಅಂತ ಬೇರೆಯೇ ಒಂದಿದೆ. ಪಿಯಾನೋದ ಎರಡು ಸ್ವರಗಳ ನಡುವಿನ ಅಂತರವನ್ನು ಮಕ್ಕಳು ಕಣ್ಣು ಮುಚ್ಚಿ ಹೇಳಬೇಕು, ಸ್ವರ ಏರಿದರೆ ಪ್ರಶ್ನೆ, ಇಳಿದರೆ ಉತ್ತರ ಅಂತ ಗುರುತಿಸಬೇಕು. ಬರೆಯುವಾಗ ಇಳಿ ಕೊಟ್ಟ ಸಾಕಾ ಬಾಯಲ್ಲಿ ಏರುತ್ತದೆ, ಇದು ಕನ್ನಡದ ತಮಾಷೆ, ನಿಮ್ಮ ಪಾಠಕ್ಕೆ ಬೇಕಾದರೆ ಸೇರಿಸಿಕೊಳ್ಳಿ. ಆ ದಿನ ಪರದೆಯ ಆಚೆ ಅಷ್ಟು ಜನ ಕೇಳುವುದನ್ನೇ ಬದುಕು ಮಾಡಿಕೊಂಡವರು ಕೂತಿದ್ದಿರಿ. ಅದರಲ್ಲಿ ಒಬ್ಬರಿಗೂ ಪಕ್ಕದ ಕಿಟಕಿಯ ಪದ ಕೇಳಿಸಲಿಲ್ಲವೇ? ಕೇಳಿಸಿತ್ತು, ಆದರೆ ಅದು ಸಂಗೀತವಲ್ಲವಾದ್ದರಿಂದ ಲೆಕ್ಕಕ್ಕಿಲ್ಲವೇ?

ನಮ್ಮ ಮನೆಯಲ್ಲಿ ಈಗ ಏನಾಗಿದೆ ಅಂತ ಹೇಳುತ್ತೇನೆ. ಪೆಟ್ಟಿಗೆಯನ್ನು ಗುಬ್ಬಿ ಬಾಗಿಲ ಪಕ್ಕ ಇಟ್ಟಿದ್ದಾಳೆ, ಕೊಡಲು ಹೋಗುವ ದಿನ ಮರೆತುಹೋಗಬಾರದಂತೆ. ಊದಿಲ್ಲ. ನಾನೂ ಊದು ಅನ್ನಲಿಲ್ಲ. ಅನ್ನಲು ಬಾಯಿ ತೆಗೆಯುತ್ತೇನೆ, ಏನಾದರೂ ಹೆಚ್ಚುಕಡಿಮೆ ಆದೀತು ಅಂತ ಮುಚ್ಚುತ್ತೇನೆ. ಮೊನ್ನೆ ಸಂಜೆ ಗೋಡೆ ಕುಟ್ಟಿದ ಸದ್ದಾಯಿತು. ಇಬ್ಬರೂ ಬೆಚ್ಚಿದೆವು, ಯಾಕೆಂದರೆ ನಾವು ಯಾವ ಸದ್ದೂ ಮಾಡುತ್ತಿರಲಿಲ್ಲ.

"ಏನಮ್ಮ, ಊದಲ್ವಾ?" ಅಂದರು ಗೋಡೆತಾತ.

"ಇಲ್ಲ ತಾತ."

"ಯಾಕೆ, ಹುಷಾರಿಲ್ವಾ?"

"ಹುಷಾರಿದ್ದೀನಿ ತಾತ."

ಆಮೇಲೆ, "ಸಂಜೆ ಆಯ್ತು ಅಂತಾನೇ ಗೊತ್ತಾಗ್ತಿಲ್ಲ ನಂಗೆ" ಅಂತ ಗೊಣಗಿಕೊಂಡು ಹೋದರು. ಅವರು ಆ ಗೋಡೆಯ ಹಿಂದೆ ಕೂತು ಕೇಳಿದಷ್ಟು ಬಸೂನನ್ನು ನಿಮ್ಮ ಪರದೆಯ ಹಿಂದೆ ಯಾರೂ ಕೇಳಿಲ್ಲ.

ಅದೇ ಸಂಜೆ ನಾನು ಧೈರ್ಯ ಮಾಡಿ ಕಿಟಕಿಯ ಕಥೆಯನ್ನು ಗುಬ್ಬಿಗೆ ಹೇಳಿದೆ. ಅದು ನಿನಗೆ ಹೇಳಿದ್ದಲ್ಲ ಕಣೇ, ಅದು ಸಾಕು ಅಲ್ಲ, ಸಾಕಾ ಅಂತ. ಅವಳ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಪುಸ್ತಕವನ್ನೇ ನೋಡುತ್ತಾ, "ನಂಗೆ ಕೇಳಿಸಿದ್ದು ಸಾಕು ಅಂತಾನೇ. ಆದ್ರೆ ನಂಗೆ ಯಾವಾಗ್ಲೂ ಅದೇ ಕೇಳಿಸೋದು ದೊಡ್ಡಮ್ಮ" ಅಂದಳು.

ಅವಳ ಕಿವಿ ಎಂಥದ್ದು ಅಂತ ನಿಮಗೆ ಗೊತ್ತಿಲ್ಲ. ಬೀದಿಯ ತುದಿಗೆ ಬಸ್ಸು ಬಂದರೆ ಅದರ ಬ್ರೇಕಿನ ಸ್ವರದಿಂದ ಯಾವ ಬಸ್ಸು ಅಂತ ಹೇಳುತ್ತಾಳೆ. ನನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬೇಕು ಅಂತ ನನಗಿಂತ ಮೊದಲು ಅವಳಿಗೆ ತಿಳಿಯುತ್ತದೆ. ಅಂಥ ಕಿವಿಗೆ ಇನ್ನು ಮೇಲೆ ಒಂದೇ ಒಂದು ಪದ ಕೇಳಿಸುತ್ತಾ ಹೋದರೆ ಏನು ಮಾಡಲಿ? ನನಗೆ ಇರುವ ಭಯ ಇದು. ವಾದ್ಯ ಹೋದರೆ ಹೋಗಲಿ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಆದರೂ ಅದಕ್ಕಿಂತ ದೊಡ್ಡ ಭಯ ಇದು. ಪ್ರತಿಭಾವಂತ ಮಕ್ಕಳನ್ನು ಕಾಲೇಜಿಗೂ ಮೊದಲೇ ಹುಡುಕಿ ಬೆಳೆಸುತ್ತೇವೆ ಅಂತ ನಿಮ್ಮ ಹೆಬ್ಬಾಗಿಲ ಮೇಲೆ ಕೆತ್ತಿಸಿದ್ದೀರಿ. ಬೆಳೆಸುವುದಕ್ಕೆ ನಮ್ಮ ಮಾತಿನಲ್ಲಿ ಇನ್ನೊಂದು ಪದ ಸಾಕುವುದು. ಒಂದು ಮಗುವಿಗೆ ಸಾಕು ಅಂದರೆ ಮುಗಿಯಿತು ಅಂತಲೂ ಆಗುತ್ತದೆ, ಮಗುವನ್ನು ಸಾಕು ಅಂದರೆ ಅನ್ನ ಹಾಕಿ ದೊಡ್ಡದು ಮಾಡು ಅಂತಲೂ ಆಗುತ್ತದೆ. ಎರಡನೆಯದನ್ನು ನನಗೆ ಯಾರೋ ಹೇಳಿದ್ದರು, ಮಾಡಿದ್ದೇನೆ. ನಿಮ್ಮ ಕೆಲಸವೂ ಅದೇ ಅಂತ ನಂಬಿಕೊಂಡಿದ್ದೆ.

ಇಷ್ಟು ಬರೆದ ಮೇಲೆ ನನಗೆ ಹೆದರಿಕೆ ಶುರುವಾಗಿದೆ. ನಿಮಗೆ ಸಿಟ್ಟು ಬಂದರೆ? ಆ ಸ್ಥಾನದಲ್ಲಿ ನೀವಿರುವಷ್ಟು ಕಾಲ ಅವಳ ಸಂಖ್ಯೆ ಕಂಡರೆ ಪಕ್ಕಕ್ಕಿಟ್ಟರೆ? ಆದರೆ ನಿಮ್ಮಲ್ಲಿ ಹೆಸರು ಕಾಣಿಸುವುದಿಲ್ಲವಲ್ಲ, ಪರದೆ ಇದೆಯಲ್ಲ, ಅದನ್ನೇ ನಂಬಿ ಅಂಚೆಗೆ ಹಾಕುತ್ತಿದ್ದೇನೆ. ನೋಡಿ, ಇಷ್ಟೆಲ್ಲ ಬೈದು ಕೊನೆಗೆ ನಿಮ್ಮ ಪರದೆಯ ಹಿಂದೆಯೇ ಬಚ್ಚಿಟ್ಟುಕೊಳ್ಳುತ್ತಿದ್ದೇನೆ.

ನಾನು ಕೇಳುವುದು ಕ್ಷಮೆಯಲ್ಲ. ನಿಯಮ ಬದಲಿಸುವುದು ನಿಮ್ಮ ಸಮಿತಿಗೆ ಬಿಟ್ಟದ್ದು, ಅದು ಸೇರುವಷ್ಟರಲ್ಲಿ ಗುಬ್ಬಿಗೆ ಮೊಮ್ಮಕ್ಕಳಾಗಬಹುದು. ಎರಡನೆಯ ಕೃತಿ ನುಡಿಸಲು ಅವಳಿಗೆ ಅವಕಾಶ ಕೊಡಿ, ಬೇಕಾದರೆ ಒಂದರ ಮೇಲೊಂದು ಎರಡು ಪರದೆ ಹಾಕಿ. ಅಲ್ಲಿಯವರೆಗೆ ವಾದ್ಯ ನಮ್ಮ ಮನೆಯಲ್ಲಿರಲಿ. ಅದು ಸಾಧ್ಯವೋ ಇಲ್ಲವೋ ತೀರ್ಮಾನಿಸುವ ಮೊದಲು ಇನ್ನೊಂದು ಸಣ್ಣ ಕೆಲಸವಿದೆ. ನಿಮ್ಮ ಕೋಣೆಯಲ್ಲಿ ಎಲ್ಲ ಪರೀಕ್ಷೆಗಳನ್ನೂ ಧ್ವನಿಮುದ್ರಣ ಮಾಡುತ್ತೀರಿ ಅಂತ ಸಹಾಯಕಿ ಹೇಳಿದಳು. ಅದನ್ನು ನನಗೆ ಕೇಳಿಸಿ ಅಂತ ನಿಮಗೆ ಅಂದಾಗ, ಅದು ಸಂಗೀತದ ಭಾಗಕ್ಕೆ ಮಾತ್ರ, ಮಾತಿಗಲ್ಲ ಅಂದಿರಿ. ಯಂತ್ರಕ್ಕೆ ಅಷ್ಟು ಶಾಸ್ತ್ರಜ್ಞಾನ ಇರುವುದಿಲ್ಲ ಮಾನ್ಯರೇ, ಅದು ಎಲ್ಲವನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಮೊದಲ ಕೃತಿ ಮುಗಿದ ಮೇಲೆ, ಆ ಪ್ರಬುದ್ಧ ಮೌನಕ್ಕೆ ಮುಂಚೆ, ಒಂದು ಪದ ಇದೆ. ಅದರ ಕೊನೆಯ ಅಕ್ಷರವನ್ನು ಮಾತ್ರ ಇನ್ನೊಮ್ಮೆ ಕೇಳಿ ನೋಡಿ. ದನಿ ಕೆಳಗೆ ಇಳಿದಿದ್ದರೆ ನನಗೆ ಬರೆದು ತಿಳಿಸಿ, ಪೆಟ್ಟಿಗೆಯನ್ನು ನಾನೇ ಹೊತ್ತು ತಂದು ಕೊಡುತ್ತೇನೆ. ಮೇಲೆ ಏರಿದ್ದರೆ ನನಗೆ ಬರೆಯಬೇಡಿ. ಅವಳನ್ನು ಕರೆಸಿ ನೀವೇ ಕೇಳಿಸಿ. ನಾನು ಹೇಳಿದರೆ ನಂಬುತ್ತಿಲ್ಲ.

ಇಂತಿ ತಮ್ಮ ವಿಶ್ವಾಸಿ ಎಂದು ಬರೆಯಬೇಕಂತೆ. ವಿಶ್ವಾಸ ಸದ್ಯಕ್ಕೆ ಅಲುಗಾಡುತ್ತಿರುವುದರಿಂದ ಬರೀ

ಇಂತಿ,
ಅಭ್ಯರ್ಥಿಯ ದೊಡ್ಡಮ್ಮ
(ಸ್ವ ಇಚ್ಛೆಯಿಂದ ಬರೆದದ್ದು)